ಪೊಲೀಸರು ಬಂದರೂ ಏಳದ ಹುಡುಗ

1959. ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಲೇಕ್ ಸಿಟಿ ಎಂಬ ಪುಟ್ಟ ಊರು. ಒಂಬತ್ತರ ಆಸುಪಾಸಿನ ಹುಡುಗನೊಬ್ಬ ಒಬ್ಬನೇ ನಡೆದುಕೊಂಡು ಊರ ಲೈಬ್ರರಿಗೆ ಬಂದ. ಬೇಕಾದ ಪುಸ್ತಕ ಆರಿಸಿಕೊಂಡು ಕೌಂಟರ್ ಮುಂದೆ ನಿಂತ. ಅಲ್ಲಿದ್ದಾಕೆ ಪುಸ್ತಕ ಕೊಡಲು ಒಪ್ಪಲಿಲ್ಲ. ಹುಡುಗ ಕಪ್ಪು ವರ್ಣೀಯ, ಲೈಬ್ರರಿ ಬಿಳಿಯರದ್ದು. ಅವನು ಅಳಲಿಲ್ಲ, ವಾಪಸ್ಸೂ ಹೋಗಲಿಲ್ಲ. ಕೌಂಟರ್ ಮೇಲೆ ಹತ್ತಿ ಕುಳಿತುಬಿಟ್ಟ. ಲೈಬ್ರರಿಯಾಕೆ ಪೊಲೀಸರನ್ನು ಕರೆಸಿದರು, ಅವನ ತಾಯಿಗೂ ಹೇಳಿ ಕಳಿಸಿದರು. ಬಂದ ಪೊಲೀಸರಿಗೆ ಅಲ್ಲಿ ಯಾವ ಗಲಾಟೆಯೂ ಕಾಣಲಿಲ್ಲ. ಪುಸ್ತಕ ಕೊಟ್ಟು ಕಳಿಸಿಬಿಡಬಹುದಲ್ಲ ಎಂದರು. ಪುಸ್ತಕಕ್ಕೆ ಏನಾದರೂ ಆದರೆ ದುಡ್ಡು ನಾನು ಕೊಡುತ್ತೇನೆ ಎಂದು ತಾಯಿ ಹೊಣೆ ಹೊತ್ತರು. ಹುಡುಗ ಪುಸ್ತಕ ಹಿಡಿದುಕೊಂಡೇ ಮನೆಗೆ ಹೋದ.

ಅವನ ಹೆಸರು ರೊನಾಲ್ಡ್ ಮೆಕ್‌ನೇರ್. ತಂದೆ ಕಾರು ರಿಪೇರಿ ಮಾಡುವ ಮೆಕ್ಯಾನಿಕ್, ತಾಯಿ ಶಾಲಾ ಶಿಕ್ಷಕಿ. ಹತ್ತಿ ಮತ್ತು ತಂಬಾಕಿನ ಹೊಲಗಳಲ್ಲಿ ದುಡಿಯುತ್ತಲೇ ಓದಿದ ಹುಡುಗ 1976ರಲ್ಲಿ ಎಂಐಟಿಯಿಂದ ಲೇಸರ್ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದ. 1978ರಲ್ಲಿ ನಾಸಾ ಅವರನ್ನು ಗಗನಯಾತ್ರಿಯಾಗಿ ಆಯ್ಕೆ ಮಾಡಿತು. 1984ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದರು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಸಿಡಿದಾಗ ಸತ್ತ ಏಳು ಜನರಲ್ಲಿ ಅವರೂ ಒಬ್ಬರು. ಆಗ ಅವರ ವಯಸ್ಸು ಬರೀ 35. ಪುಸ್ತಕ ಕೊಡಲ್ಲ ಎಂದಿದ್ದ ಆ ಹಳೆಯ ಲೈಬ್ರರಿ ಕಟ್ಟಡ ಇವತ್ತು ಅವರದೇ ಹೆಸರಿನ ವಸ್ತುಸಂಗ್ರಹಾಲಯ.

ಇಂಥ ಕಥೆ ಕೇಳಿದರೆ ಯಾರಿಗೆ ಮೈ ಜುಮ್ಮೆನ್ನುವುದಿಲ್ಲ? ನಾನು ಬಿ.ಇ. ಮೆಕ್ಯಾನಿಕಲ್ ಮೂರನೇ ವರ್ಷದ ವಿದ್ಯಾರ್ಥಿ. ಪ್ಲೇಸ್‌ಮೆಂಟ್ ಟ್ರೈನಿಂಗ್ ಎಂದರೆ ಇಂಥ ಕಥೆಗಳ ಜಾತ್ರೆ. ಹೊರಗಿನಿಂದ ಬಂದ ಟ್ರೈನರ್ ಒಬ್ಬರು ಪರದೆಯ ಮೇಲೆ ಅಮೆರಿಕದ ಕಪ್ಪು ವರ್ಣೀಯ ಸಾಧಕರ ಫೋಟೊಗಳನ್ನು ಒಂದರ ಹಿಂದೊಂದು ತೋರಿಸಿ, ‘ಬಡತನ ಅನ್ನೋದು ಬರೀ ನೆಪ. ಮನಸ್ಸು ಮಾಡಿದ್ರೆ ಯಾರು ಬೇಕಾದ್ರೂ ಮೇಲೆ ಬರಬಹುದು’ ಅಂದರು. ಹಾಲ್ ತುಂಬ ಚಪ್ಪಾಳೆ. ಪಕ್ಕದಲ್ಲಿದ್ದ ನನ್ನ ರೂಮ್‌ಮೇಟ್ ಮಾತ್ರ ಸುಮ್ಮನೆ ಕೂತಿದ್ದ. ಹೊರಗೆ ಬಂದ ಮೇಲೆ ಕೇಳಿದ, ‘ಹಾಗಾದ್ರೆ ನಮ್ಮಪ್ಪ ಮನಸ್ಸು ಮಾಡ್ಲಿಲ್ಲ ಅಂತನಾ ಮಗಾ?’ ಅವನ ಅಪ್ಪ ಮೂವತ್ತು ವರ್ಷದಿಂದ ಕಾಫಿ ತೋಟದಲ್ಲಿ ಕೂಲಿ ಮಾಡುತ್ತಿದ್ದಾರೆ.

ಆ ಪ್ರಶ್ನೆಗೆ ಉತ್ತರ ಕೊಡಬೇಕು ಅನ್ನಿಸಿತು. ಪರದೆಯ ಮೇಲೆ ಫೋಟೊ ಆಗಿ ಬಂದು ಹೋದ ಆ ಜನರ ಬಗ್ಗೆ ಒಂದಷ್ಟು ಓದತೊಡಗಿದೆ. ಓದಿದಷ್ಟೂ ಒಂದು ಮಾತು ಗಟ್ಟಿಯಾಯಿತು: ಅವರ ಕಥೆಯಲ್ಲಿ ಛಲ ಎಷ್ಟು ನಿಜವೋ ಗೋಡೆಯೂ ಅಷ್ಟೇ ನಿಜ. ಗೋಡೆಯನ್ನು ಅಳಿಸಿ ಬರೀ ಛಲ ತೋರಿಸಿದರೆ, ಅದು ದಾಟಲಾಗದೆ ಉಳಿದವರಿಗೆ ಮಾಡುವ ಅವಮಾನ.

ಗೋಡೆ ಕಟ್ಟಿದ್ದು ಯಾರು?

ಅಮೆರಿಕದಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿ ಕೊನೆಯಾದದ್ದು 1865ರಲ್ಲಿ. ಆಮೇಲೂ ದಕ್ಷಿಣದ ರಾಜ್ಯಗಳಲ್ಲಿ ಶಾಲೆ, ಬಸ್ಸು, ಹೋಟೆಲ್, ನೀರಿನ ನಲ್ಲಿ ಎಲ್ಲವೂ ಬಿಳಿಯರಿಗೆ ಬೇರೆ, ಕಪ್ಪು ವರ್ಣೀಯರಿಗೆ ಬೇರೆ. ಶಾಲೆಗಳಲ್ಲಿ ಈ ಪ್ರತ್ಯೇಕತೆ ಸಂವಿಧಾನಬಾಹಿರ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ. ಮೆಕ್‌ನೇರ್ ಲೈಬ್ರರಿಗೆ ಹೋದದ್ದು ಅದಾಗಿ ಐದು ವರ್ಷಕ್ಕೆ. ಕೋರ್ಟಿನ ತೀರ್ಪು ಒಂದು ಪುಟ್ಟ ಊರಿನ ಕೌಂಟರ್‌ವರೆಗೆ ಬರಲು ಎಷ್ಟು ಕಾಲ ಬೇಕು ಎನ್ನುವುದಕ್ಕೆ ಇದೇ ಸಾಕ್ಷಿ. ನಾಗರಿಕ ಹಕ್ಕುಗಳ ಕಾಯ್ದೆ ಬರಲು 1964 ಆಗಬೇಕಾಯಿತು.

ನನ್ನನ್ನು ಹೆಚ್ಚು ತಟ್ಟಿದ್ದು ಮನೆಗಳ ಕಥೆ. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಗೃಹಸಾಲ ಸಂಸ್ಥೆಯೊಂದು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತು. ಸಾಲ ಕೊಡಲು ಅಪಾಯಕಾರಿ ಎನಿಸಿದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಲಾಯಿತು. ಕಪ್ಪು ವರ್ಣೀಯರು ವಾಸಿಸುವ ಬಡಾವಣೆಗಳು ಹೆಚ್ಚುಕಡಿಮೆ ಎಲ್ಲವೂ ಕೆಂಪಾದವು. ಸರ್ಕಾರ ಖಾತ್ರಿ ಕೊಡುವ ಅಗ್ಗದ ಗೃಹಸಾಲವೂ ದಶಕಗಳ ಕಾಲ ಇಂಥ ಬಡಾವಣೆಗಳ ಹತ್ತಿರ ಸುಳಿಯಲಿಲ್ಲ. ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ತಾರತಮ್ಯ ಮಾಡಬಾರದೆಂಬ ಕಾನೂನು ಬಂದದ್ದು 1968ರಲ್ಲಿ.

ಸಾಲ ಸಿಗದಿದ್ದರೆ ಸ್ವಂತ ಮನೆ ಇಲ್ಲ. ಮನೆ ಇಲ್ಲದಿದ್ದರೆ ಮಕ್ಕಳಿಗೆ ಬಿಟ್ಟುಹೋಗಲು ಆಸ್ತಿ ಇಲ್ಲ. ಅಲ್ಲಿ ಸರ್ಕಾರಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಬರುವುದು ಸ್ಥಳೀಯ ಆಸ್ತಿ ತೆರಿಗೆಯಿಂದ. ಹಾಗಾಗಿ ಬಡಾವಣೆ ಬಡವಾದರೆ ಶಾಲೆಯೂ ಬಡವಾಗುತ್ತದೆ. ಅಪ್ಪನಿಗೆ ಸಿಗದ ಸಾಲ ಮೊಮ್ಮಗನ ತರಗತಿಯವರೆಗೆ ಬಂದು ಕಾಡುತ್ತದೆ. 2022ರಲ್ಲಿ ಅಮೆರಿಕದ ಕೇಂದ್ರೀಯ ಬ್ಯಾಂಕ್ ಮಾಡಿದ ಸಮೀಕ್ಷೆಯ ಪ್ರಕಾರ ಮಧ್ಯಮ ಸ್ತರದ ಬಿಳಿಯ ಕುಟುಂಬದ ನಿವ್ವಳ ಆಸ್ತಿ 2.85 ಲಕ್ಷ ಡಾಲರ್. ಅದೇ ಸ್ತರದ ಕಪ್ಪು ಕುಟುಂಬದ್ದು ಸುಮಾರು 45 ಸಾವಿರ ಡಾಲರ್. ಆರು ಪಟ್ಟು ಅಂತರ. ಇಷ್ಟೂ ಅಂತರ ‘ಮನಸ್ಸು ಮಾಡದೆ’ ಹುಟ್ಟಿದ್ದು ಎಂದರೆ ಒಪ್ಪುವುದು ಹೇಗೆ?

ಕಸ ಗುಡಿಸುವವನ ಸಂಬಳ, ಸರ್ಜನ್‌ಗೆ ಪಾಠ

ವಿವಿಯನ್ ಥಾಮಸ್ ಎಂಬ ಹೆಸರು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. 1910ರಲ್ಲಿ ಹುಟ್ಟಿದ ಇವರು ನ್ಯಾಶ್‌ವಿಲ್‌ನಲ್ಲಿ ಬಡಗಿ ಕೆಲಸ ಮಾಡುತ್ತಿದ್ದರು. ಡಾಕ್ಟರ್ ಆಗಬೇಕೆಂಬ ಆಸೆ. ಕಾಲೇಜಿಗೆಂದು ದುಡ್ಡು ಕೂಡಿಡುತ್ತಿದ್ದರು. ಮಹಾ ಆರ್ಥಿಕ ಕುಸಿತ ಬಂತು, ಬಡಗಿ ಕೆಲಸ ಹೋಯಿತು. 1930ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಡಾ. ಆಲ್ಫ್ರೆಡ್ ಬ್ಲೇಲಾಕ್ ಅವರ ಪ್ರಯೋಗಾಲಯಕ್ಕೆ ಸಹಾಯಕನಾಗಿ ಸೇರಿದರು. ಅದೇ ವರ್ಷ ಬ್ಯಾಂಕ್ ಮುಳುಗಿ, ಕೂಡಿಟ್ಟ ದುಡ್ಡೂ ಮುಳುಗಿತು.

ಕಾಲೇಜಿನ ಮೆಟ್ಟಿಲು ಹತ್ತದ ಥಾಮಸ್ ಪ್ರಯೋಗಾಲಯದಲ್ಲೇ ಶಸ್ತ್ರಚಿಕಿತ್ಸೆ ಕಲಿತರು. ಬ್ಲೇಲಾಕ್ 1941ರಲ್ಲಿ ಜಾನ್ಸ್ ಹಾಪ್ಕಿನ್ಸ್‌ಗೆ ಹೋದಾಗ ಥಾಮಸ್ ಅವರನ್ನೂ ಜೊತೆಗೆ ಕರೆದೊಯ್ದರು. ಹೃದಯದ ದೋಷದಿಂದ ಶ್ವಾಸಕೋಶಕ್ಕೆ ಸಾಕಷ್ಟು ರಕ್ತ ಹೋಗದೆ ಮೈ ನೀಲಿಗಟ್ಟುವ ಮಕ್ಕಳಿಗೆ ಆಗ ಚಿಕಿತ್ಸೆಯೇ ಇರಲಿಲ್ಲ. ಡಾ. ಹೆಲೆನ್ ಟಾಸಿಗ್ ಈ ಸಮಸ್ಯೆಯನ್ನು ಬ್ಲೇಲಾಕ್ ಮುಂದಿಟ್ಟರು. ನಾಯಿಗಳ ಮೇಲೆ ಮತ್ತೆ ಮತ್ತೆ ಪ್ರಯೋಗ ಮಾಡಿ, ರಕ್ತನಾಳವೊಂದನ್ನು ಜೋಡಿಸುವ ವಿಧಾನ ರೂಪಿಸಿದ್ದು ಥಾಮಸ್. 1944ರ ನವೆಂಬರ್ 29ರಂದು ಮೊದಲ ಬಾರಿಗೆ ಮಗುವೊಂದಕ್ಕೆ ಆ ಶಸ್ತ್ರಚಿಕಿತ್ಸೆ ನಡೆಯಿತು. ಕತ್ತರಿ ಬ್ಲೇಲಾಕ್ ಕೈಯಲ್ಲಿತ್ತು. ಅವರ ಬೆನ್ನ ಹಿಂದೆ ಸ್ಟೂಲ್ ಮೇಲೆ ನಿಂತ ಥಾಮಸ್ ಹಂತ ಹಂತವಾಗಿ ಹೇಳಿಕೊಡುತ್ತಿದ್ದರು.

ಶಸ್ತ್ರಚಿಕಿತ್ಸೆಗೆ ಬ್ಲೇಲಾಕ್ ಮತ್ತು ಟಾಸಿಗ್ ಹೆಸರು ಬಂತು. ಥಾಮಸ್ ಹೆಸರು ಬರಲಿಲ್ಲ. ಪ್ರಯೋಗಾಲಯದ ಕೆಲಸ ಮಾಡಿಸಿಕೊಂಡೂ ಅವರನ್ನು ಕಸ ಗುಡಿಸುವವರ ದರ್ಜೆಯಲ್ಲಿ ಇಟ್ಟು ಸಂಬಳ ಕೊಟ್ಟ ಕಾಲವೂ ಇತ್ತು. ಖರ್ಚು ತೂಗಿಸಲು ಬ್ಲೇಲಾಕ್ ಕೊಡುವ ಪಾರ್ಟಿಗಳಲ್ಲೇ ಅವರು ಪಾನೀಯ ಬಡಿಸುತ್ತಿದ್ದರು. ಹಗಲು ಅವರಿಂದ ಕಲಿತ ಡಾಕ್ಟರುಗಳಿಗೇ ಸಂಜೆ ಗ್ಲಾಸು ತುಂಬಿಸಿ ಕೊಡಬೇಕಿತ್ತು! ಜಾನ್ಸ್ ಹಾಪ್ಕಿನ್ಸ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ, ಆ ಶಸ್ತ್ರಚಿಕಿತ್ಸೆಯಾಗಿ 32 ವರ್ಷಗಳ ಮೇಲೆ.

ಥಾಮಸ್ ಕಲಿಕೆಯಲ್ಲಿ ಯಾವ ಕೊರತೆ ಇತ್ತು ಹೇಳಿ? ಕೊರತೆ ಇದ್ದದ್ದು ಸಂಬಳದ ಪಟ್ಟಿಯಲ್ಲಿ.

‘ಎಂಜಿನಿಯರಿಂಗ್ ನಿನಗೆ ಒಗ್ಗಲ್ಲ’

ನಮ್ಮ ಆಪ್ಟಿಟ್ಯೂಡ್ ಟೆಸ್ಟ್ ಸಂಕಟ ಗೊತ್ತಿದ್ದವರಿಗೆಲ್ಲ ಲಾನಿ ಜಾನ್ಸನ್ ಇಷ್ಟವಾಗಲೇಬೇಕು. 1949ರಲ್ಲಿ ಅಲಬಾಮಾದ ಮೊಬೀಲ್ ನಗರದಲ್ಲಿ ಹುಟ್ಟಿದವರು. ಓದಿದ್ದು ಕಪ್ಪು ಮಕ್ಕಳಿಗೇ ಮೀಸಲಾದ ಶಾಲೆಯಲ್ಲಿ. ಶಾಲಾ ದಿನಗಳಲ್ಲಿ ಬರೆದ ಒಂದು ಪರೀಕ್ಷೆಯ ಫಲಿತಾಂಶ ‘ಎಂಜಿನಿಯರ್ ಆಗುವ ಒಲವು ನಿನ್ನಲ್ಲಿ ಹೆಚ್ಚಿಲ್ಲ’ ಎಂಬರ್ಥದಲ್ಲಿತ್ತೆಂದು ಅವರೇ ಹೇಳಿಕೊಂಡಿದ್ದಾರೆ.

ಅದೇ ಹುಡುಗ ಗುಜರಿ ಸಾಮಾನು ಸೇರಿಸಿ, ಒತ್ತಡದ ಗಾಳಿಯಿಂದ ಕೈಕಾಲು ಆಡಿಸುವ ರೋಬೊ ಮಾಡಿದ. ಅದಕ್ಕೆ ‘ಲೈನೆಕ್ಸ್’ ಎಂದು ಹೆಸರಿಟ್ಟ. 1968ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ನಡೆದ ಎಂಜಿನಿಯರಿಂಗ್ ಮೇಳಕ್ಕೆ ಒಯ್ದ. ಐದು ವರ್ಷಗಳ ಹಿಂದಷ್ಟೇ, ಕಪ್ಪು ವಿದ್ಯಾರ್ಥಿಗಳು ಒಳಗೆ ಬರಬಾರದೆಂದು ರಾಜ್ಯದ ಗವರ್ನರ್ ಖುದ್ದಾಗಿ ಬಾಗಿಲಿಗೆ ಅಡ್ಡ ನಿಂತಿದ್ದ ವಿಶ್ವವಿದ್ಯಾಲಯ ಅದು. ಮೇಳಕ್ಕೆ ಬಂದವರಲ್ಲಿ ಕಪ್ಪು ವಿದ್ಯಾರ್ಥಿ ಇವನೊಬ್ಬನೇ. ಮೊದಲ ಬಹುಮಾನವೂ ಇವನಿಗೇ.

ಆಮೇಲೆ ಟಸ್ಕೀಗಿ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್, ನಂತರ ವಾಯುಪಡೆ, ಗುರು ಗ್ರಹಕ್ಕೆ ಹೋದ ಗೆಲಿಲಿಯೊ ನೌಕೆಯ ಕೆಲಸ. 1982ರಲ್ಲಿ ಮನೆಯಲ್ಲಿ, ಪರಿಸರಕ್ಕೆ ಹಾನಿ ಮಾಡುವ ಅನಿಲದ ಬದಲು ನೀರು ಬಳಸುವ ಹೀಟ್ ಪಂಪ್ ಪ್ರಯೋಗ ಮಾಡುತ್ತಿದ್ದಾಗ ನಳಿಕೆಯಿಂದ ನೀರು ಬಾಣದಂತೆ ಚಿಮ್ಮಿತು. ಅದೇ ಮುಂದೆ ಮಕ್ಕಳ ‘ಸೂಪರ್ ಸೋಕರ್’ ನೀರಿನ ಗನ್ ಆಯಿತು. ನಮ್ಮ ಹೋಳಿಯ ಪಿಚಕಾರಿಗೆ ಎಂಜಿನಿಯರಿಂಗ್ ಓದಿದ ಅಣ್ಣ ಎನ್ನಬಹುದು. ಅವರ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಪೇಟೆಂಟ್‌ಗಳಿವೆ.

ಇಲ್ಲಿ ಒಂದು ವಿಷಯ ಗಮನಿಸಿ. ಟಸ್ಕೀಗಿ, 1881ರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಎಂಬ ಮಾಜಿ ಗುಲಾಮ ಮೊದಲ ಮುಖ್ಯಸ್ಥರಾಗಿ ಕಪ್ಪು ಮಕ್ಕಳಿಗಾಗಿ ಬೆಳೆಸಿದ ಸಂಸ್ಥೆ. ಆ ಬಾಗಿಲು ಅಲ್ಲಿ ತೆರೆದಿರದಿದ್ದರೆ, ಇಂಥ ಹುಡುಗನ ಜಾಣ್ಮೆ ಊರ ಗುಜರಿ ಅಂಗಡಿಯಲ್ಲೇ ಉಳಿದುಬಿಡಬಹುದಿತ್ತು.

ಅರ್ಜಿ ಅದೇ, ಹೆಸರು ಬೇರೆ

ಇದೆಲ್ಲ ಹಳೆಯ ಕಾಲದ್ದು, ಈಗ ಹಾಗೇನಿಲ್ಲ ಎನ್ನುವವರಿಗೆ ಎರಡು ಪ್ರಯೋಗಗಳ ಬಗ್ಗೆ ಹೇಳಬೇಕು. ಕೆಲಸ ಹುಡುಕುತ್ತಿರುವ ನಾವಂತೂ ತಿಳಿದಿರಲೇಬೇಕು.

ಈ ಶತಮಾನದ ಆರಂಭದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಬೋಸ್ಟನ್ ಮತ್ತು ಶಿಕಾಗೊದ ಉದ್ಯೋಗ ಜಾಹೀರಾತುಗಳಿಗೆ ಸುಮಾರು ಐದು ಸಾವಿರ ಕಾಲ್ಪನಿಕ ರೆಸ್ಯೂಮೆಗಳನ್ನು ಕಳಿಸಿದರು. ಅರ್ಹತೆಯಲ್ಲಿ ವ್ಯತ್ಯಾಸವಿರಲಿಲ್ಲ. ಕೆಲವಕ್ಕೆ ಗ್ರೆಗ್, ಎಮಿಲಿಯಂಥ ಬಿಳಿಯರ ಹೆಸರು. ಉಳಿದವಕ್ಕೆ ಜಮಾಲ್, ಲಕೀಶಾದಂಥ ಕಪ್ಪು ವರ್ಣೀಯರ ಹೆಸರು. ಬಿಳಿ ಹೆಸರುಗಳಿಗೆ ಶೇ 50ರಷ್ಟು ಹೆಚ್ಚು ಕರೆ ಬಂದವು.

ಸಮಾಜಶಾಸ್ತ್ರಜ್ಞೆ ದೇವಾ ಪೇಜರ್ ಮಿಲ್ವಾಕಿ ನಗರದಲ್ಲಿ ಮಾಡಿದ ಪ್ರಯೋಗ ಇನ್ನೂ ಕಟು. ಬಿಳಿಯ ಮತ್ತು ಕಪ್ಪು ಯುವಕರನ್ನು ಒಂದೇ ಬಗೆಯ ಅರ್ಹತೆಯೊಂದಿಗೆ ಕೆಲಸ ಕೇಳಲು ಕಳಿಸಿದರು. ಕೆಲವೊಮ್ಮೆ ‘ಜೈಲಿಗೆ ಹೋಗಿ ಬಂದಿದ್ದೇನೆ’ ಎಂದು ಅರ್ಜಿಯಲ್ಲಿ ಬರೆಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಜೈಲಿಗೆ ಹೋಗಿ ಬಂದ ಬಿಳಿಯನಿಗೆ ಶೇ 17 ಕಡೆ ಮರುಕರೆ ಬಂತು. ಯಾವ ಅಪರಾಧವೂ ಇಲ್ಲದ ಕಪ್ಪು ಯುವಕನಿಗೆ ಬಂದದ್ದು ಶೇ 14. ಅಮೆರಿಕದ ಜೈಲುಗಳಲ್ಲಿರುವ ಕೈದಿಗಳಲ್ಲಿ ಸುಮಾರು ಮೂರನೇ ಒಂದು ಪಾಲು ಕಪ್ಪು ವರ್ಣೀಯರು ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಜೈಲಿನಿಂದ ಬಂದ ಕಪ್ಪು ಯುವಕನಿಗೆ ಮರುಕರೆ ಬಂದದ್ದು ಶೇ 5 ಕಡೆ ಮಾತ್ರ.

ನಮ್ಮ ದೇಶದಲ್ಲೂ ಇಂಥ ಪ್ರಯೋಗ ನಡೆದಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಲಾಗಿತ್ತು. ಮೇಲ್ಜಾತಿಯ ಹೆಸರುಗಳಿಗೆ ಹೋಲಿಸಿದರೆ ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆಯಿತ್ತು. ಬಣ್ಣವೂ ಜಾತಿಯೂ ಒಂದೇ ಅಲ್ಲ, ನಿಜ. ಆದರೆ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದ ಡಾ. ಅಂಬೇಡ್ಕರ್ 1946ರಲ್ಲಿ ಕಪ್ಪು ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ಎರಡೂ ಸಮುದಾಯಗಳ ಸ್ಥಿತಿಯಲ್ಲಿ ಎಷ್ಟು ಹೋಲಿಕೆಯಿದೆ ಎಂದು ಹೇಳಿದ್ದರು.

ನನ್ನ ರೂಮ್‌ಮೇಟ್ ಕಳೆದ ತಿಂಗಳು ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೋಗಿದ್ದ. ಪ್ರಾಜೆಕ್ಟ್ ಬಗ್ಗೆ ಕೇಳಿದ್ದು ಎರಡು ಪ್ರಶ್ನೆ. ಉಳಿದದ್ದೆಲ್ಲ ‘ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಏನು? ತಂದೆ ಏನು ಮಾಡ್ತಾರೆ? ಸ್ವಂತ ಜಮೀನು ಇದೆಯಾ?’ ಬಂದವನೇ ನನ್ನ ಲ್ಯಾಪ್‌ಟಾಪ್ ತೆಗೆದು ರೆಸ್ಯೂಮೆಯಲ್ಲಿ ತಂದೆಯ ಉದ್ಯೋಗದ ಸಾಲನ್ನು ಅಳಿಸಿದ. ‘ಇದು ಇರೋದಕ್ಕಿಂತ ಇಲ್ಲದೇ ಇರೋದೇ ವಾಸಿ’ ಅಂದ. ಆ ಸಾಲು ರೆಸ್ಯೂಮೆಗೆ ಬೇಕಾಗಿಯೂ ಇಲ್ಲ ಬಿಡಿ. ಆದರೆ ಅವನು ಅಳಿಸಿದ ಕಾರಣ ಬೇರೆ.

ಒಬ್ಬನೇ ಬೆಳೆದವನು ಯಾರೂ ಇಲ್ಲ

ಹಾಗಾದರೆ ಗೋಡೆ ಇದೆ ಎಂದು ಕೈಕಟ್ಟಿ ಕೂರಬೇಕೆ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಫ್ರೆಡರಿಕ್ ಡಗ್ಲಸ್ ಅವರ ಬದುಕಿನಲ್ಲಿ. ಮೇರಿಲ್ಯಾಂಡ್‌ನಲ್ಲಿ ಗುಲಾಮನಾಗಿ ಹುಟ್ಟಿದ ಡಗ್ಲಸ್‌ಗೆ ಬಾಲ್ಟಿಮೋರ್‌ನ ಯಜಮಾನಿ ಅಕ್ಷರ ಹೇಳಿಕೊಡಲು ಶುರು ಮಾಡಿದಳು. ಓದು ಕಲಿತ ಗುಲಾಮ ಕೈಗೆ ಸಿಗುವುದಿಲ್ಲ ಎಂದು ಗಂಡ ನಿಲ್ಲಿಸಿದ. ಹುಡುಗ ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಅವರಿಂದ ಪಾಠ ಕಲಿತ. ಹಡಗುಕಟ್ಟೆಯಲ್ಲಿ ಬಡಗಿಗಳು ಮರದ ತುಂಡುಗಳ ಮೇಲೆ ಗುರುತಿಗಾಗಿ ಬರೆಯುತ್ತಿದ್ದ ಅಕ್ಷರಗಳನ್ನು ನೋಡಿ ಬರೆಯಲು ಕಲಿತ. 1838ರಲ್ಲಿ ತಪ್ಪಿಸಿಕೊಂಡು ಸ್ವತಂತ್ರನಾದ. 1845ರಲ್ಲಿ ಆತ್ಮಕಥೆ ಪ್ರಕಟಿಸಿ ದೇಶದ ಕಣ್ಣು ತೆರೆಸಿದ.

ಸ್ವಂತ ಬಲದಿಂದ ಮೇಲೆ ಬಂದವರ ಬಗ್ಗೆ ಡಗ್ಲಸ್ ಒಂದು ಪ್ರಸಿದ್ಧ ಭಾಷಣವನ್ನು ಹಲವು ಊರುಗಳಲ್ಲಿ ಮಾಡಿದರು. ಅದರಲ್ಲಿ ದುಡಿಮೆಯನ್ನು ಅವರಷ್ಟು ಹೊಗಳಿದವರಿಲ್ಲ. ಆದರೆ ಮೊದಲೇ ಒಂದು ಮಾತು ಸ್ಪಷ್ಟಪಡಿಸಿದರು: ನಿಜಾರ್ಥದಲ್ಲಿ ಪೂರ್ತಿ ತನ್ನಿಂದಲೇ ಬೆಳೆದ ಮನುಷ್ಯ ಯಾರೂ ಇಲ್ಲ, ನಮ್ಮೆಲ್ಲರ ಹಿಂದೆ ಬೇರೆಯವರ ದುಡಿಮೆ ಇದೆ. ಸರಪಳಿ ಹರಿದುಕೊಂಡು ಬಂದವನೇ ಹೀಗೆಂದ ಮೇಲೆ, ಹವಾನಿಯಂತ್ರಿತ ಸೆಮಿನಾರ್ ಹಾಲ್‌ನಲ್ಲಿ ಕೂತವರು ಬೇರೆ ಹೇಳುವುದೇನಿದೆ?

ಭಾರತ ಮೂಲದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತದೆ. ಒಂದೇ ಆದಾಯದ ಮನೆಗಳಲ್ಲಿ ಬೆಳೆದರೂ, ಶ್ರೀಮಂತರ ಮಕ್ಕಳೇ ಆದರೂ, ಕಪ್ಪು ಹುಡುಗರು ದೊಡ್ಡವರಾದಾಗ ಬಿಳಿಯ ಹುಡುಗರಿಗಿಂತ ಕಡಿಮೆ ಗಳಿಸುತ್ತಾರೆ. ಹುಡುಗಿಯರಲ್ಲಿ ಈ ಅಂತರ ಬಹುಮಟ್ಟಿಗೆ ಇಲ್ಲ. ಕಪ್ಪು ಹುಡುಗರು ತುಸು ಚೆನ್ನಾಗಿ ಬೆಳೆದ ಕಡೆಗಳಲ್ಲಿ ಕಂಡದ್ದೇನು? ಬಡತನ ಕಡಿಮೆ, ಬಿಳಿಯರಲ್ಲಿ ವರ್ಣದ್ವೇಷ ಕಡಿಮೆ, ಬಡಾವಣೆಯಲ್ಲಿ ಮನೆಯಲ್ಲಿದ್ದು ಮಕ್ಕಳನ್ನು ಬೆಳೆಸುವ ಕಪ್ಪು ತಂದೆಯರು ಹೆಚ್ಚು. ತನ್ನ ಮನೆಯಲ್ಲಿ ಅಪ್ಪ ಇದ್ದಾನೋ ಇಲ್ಲವೋ ಎನ್ನುವುದಕ್ಕಿಂತ ಬೀದಿಯಲ್ಲಿ ಅಂಥ ಅಪ್ಪಂದಿರು ಎಷ್ಟು ಜನ ಇದ್ದಾರೆ ಎನ್ನುವುದು ಮುಖ್ಯವಾಗಿತ್ತು. ಹುಡುಗನೊಬ್ಬ ಬೆಳೆಯಲು ಇಡೀ ಬೀದಿ ಬೇಕು.

ಮೇಲೆ ಹೇಳಿದವರೆಲ್ಲ ತಾವು ದಾಟಿದ ಮೇಲೆ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಥಾಮಸ್ ಕೈಕೆಳಗೆ ಪಳಗಿದ ಎಷ್ಟೋ ಜನ ಅಮೆರಿಕದ ಹೆಸರಾಂತ ಸರ್ಜನ್‌ಗಳಾದರು. ಜಾನ್ಸನ್ ಅಟ್ಲಾಂಟಾದಲ್ಲಿ ಶಾಲಾ ಮಕ್ಕಳ ರೋಬೊ ತಂಡಗಳಿಗೆ ಬೆಂಬಲವಾಗಿ ನಿಂತಿದ್ದಾರೆ. ಮೆಕ್‌ನೇರ್ ಹೆಸರಿನ ಸರ್ಕಾರಿ ಯೋಜನೆಯೊಂದು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಬಡ ವಿದ್ಯಾರ್ಥಿಗಳನ್ನು ಪಿಎಚ್.ಡಿ. ಕಡೆಗೆ ಕರೆದೊಯ್ಯುತ್ತಿದೆ. ವ್ಯಕ್ತಿತ್ವ ವಿಕಸನ ಅನ್ನುತ್ತೇವಲ್ಲ, ನನ್ನ ಮಟ್ಟಿಗೆ ಅದರ ಅರ್ಥ ಇದು.

ನಮ್ಮ ಮನೆಯಲ್ಲೂ ಎಂಜಿನಿಯರಿಂಗ್ ಓದುತ್ತಿರುವ ಮೊದಲಿಗ ನಾನೇ. ಗ್ರೂಪ್ ಡಿಸ್ಕಷನ್ ಅಂದರೆ ಏನು, ರೆಸ್ಯೂಮೆ ಎಷ್ಟು ಪುಟ ಇರಬೇಕು ಎಂದು ಹೇಳಿಕೊಡುವ ಅಣ್ಣಂದಿರು ನಮ್ಮ ಬೀದಿಯಲ್ಲಿ ಇರಲಿಲ್ಲ. ಹಾಸ್ಟೆಲ್‌ನಲ್ಲಿ ಸಿಕ್ಕಿದರು. ಈಗ ನಾವು ಆರು ಜನ ರಾತ್ರಿ ಊಟ ಮುಗಿದ ಮೇಲೆ ಒಬ್ಬರನ್ನೊಬ್ಬರು ಅಣಕು ಸಂದರ್ಶನ ಮಾಡಿಕೊಳ್ಳುತ್ತೇವೆ. ಎರಡನೇ ವರ್ಷದ ಹುಡುಗರೂ ಬಂದು ಕೂರುತ್ತಾರೆ. ಥರ್ಮೊಡೈನಾಮಿಕ್ಸ್‌ನಿಂದ ಶುರುವಾಗಿ ‘ನಿಮ್ಮ ಕುಟುಂಬದ ಬಗ್ಗೆ ಹೇಳಿ’ ಎಂಬ ಪ್ರಶ್ನೆಯವರೆಗೆ ಎಲ್ಲವನ್ನೂ ಕೇಳುತ್ತೇವೆ. ಆ ಪ್ರಶ್ನೆ ಬಂದಾಗ ತಲೆ ತಗ್ಗಿಸದೆ ಉತ್ತರಿಸಬೇಕು ಎನ್ನುವುದು ನಾವೇ ಮಾಡಿಕೊಂಡ ನಿಯಮ.

ಮೊನ್ನೆ ರೂಮ್‌ಮೇಟ್ ಸರದಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, ‘ನಮ್ಮಪ್ಪ ತೋಟದ ಕಾರ್ಮಿಕರು ಸರ್. ನನ್ನನ್ನು ಎಂಜಿನಿಯರಿಂಗ್ ಓದಿಸ್ತಿದ್ದಾರೆ.’

ಎರಡನೇ ವರ್ಷದ ಹುಡುಗನೊಬ್ಬ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.